ಓಗೊಡದ ಬೆಳಿಗ್ಗೆ

ತಂಡೇಲರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಬಲೆಯ ಹಗ್ಗ ಎಂದೋ ಕಿತ್ತುಕೊಂಡು ಹೋಗಿತ್ತಂತೆ. ಆ ಬೋಳು ಬೆರಳನ್ನು ಒದ್ದೆ ಮಾಡಿ ಎತ್ತಿ ಹಿಡಿದು ಗಾಳಿಯ ದಿಕ್ಕು ನೋಡದೆ ಅವರು ನೀರಿಗೆ ಇಳಿದವರಲ್ಲ. ಮೀನಿನ ದೋಣಿಯ ಮುಖ್ಯಸ್ಥನಿಗೆ ನಮ್ಮಲ್ಲಿ ತಂಡೇಲ ಅನ್ನುವುದು. ಪ್ರಾಯವಾದ ಮೇಲೆ ದೊಡ್ಡ ದೋಣಿ ಬಿಟ್ಟು, ಅಳಿಯ ತಂದ ಎರಡು ಕಯಾಕ್‌ಗಳಲ್ಲಿ ನನ್ನಂಥವರಿಗೆ ಕರಾವಳಿ ತೋರಿಸುತ್ತಿದ್ದರು. ಒಬ್ಬರೇ ಕಾಲು ಚಾಚಿ ಕೂರುವ ಪ್ಲಾಸ್ಟಿಕ್ ದೋಣಿ ಅದು. "ಇದೆಂತ ದೋಣಿ ಮಾರಾಯ್ರೆ, ಮಕ್ಕಳನ್ನು ಮೀಯಿಸುವ ಮರದ ಮರಿಗೆ!" ಎಂದು ಅವರೇ ನಗಾಡುವರು.

ನಾನು ಹೋದದ್ದು ಅಮ್ಮ ತೀರಿಕೊಂಡ ಮೂರನೇ ತಿಂಗಳು. ಹನ್ನೊಂದು ವರ್ಷ ಅಮ್ಮ ಹಾಸಿಗೆಯಲ್ಲಿದ್ದರು. ಶಾಲೆಯ ಹೊತ್ತು ಬಿಟ್ಟರೆ ಉಳಿದದ್ದೆಲ್ಲ "ಮಗಾ" ಎಂಬ ಅವರ ಕರೆ, "ಓ, ಬಂದೆ" ಎಂಬ ನನ್ನ ಉತ್ತರ. ಆ ಕರೆ ನಿಂತ ಮೇಲೆ ಮನೆ ತಿನ್ನಲು ಬರುತ್ತಿತ್ತು. ಆದರೂ ಬೇರೆ ಯಾರಾದರೂ ಕರೆದರೆ ಮೈ ಉರಿಯುವುದು. ನಾಲ್ಕು ದಿನ ಯಾರಿಗೂ ಓಗೊಡದೆ ಇರಬೇಕು, ಹೊಸಂಗಡಿಯಲ್ಲಿ ಬಸ್ಸಿಳಿದಾಗ ಅದೊಂದೇ ಆಸೆ.

ಬೆಳಿಗ್ಗೆ ಕಡಲಿನಲ್ಲಿ ತೆಂಕುಮುಖವಾಗಿ ಹೋಗುವುದು. ಗಾಳಿ ಎದ್ದ ಮೇಲೆ ಕಯಾಕ್‌ಗಳನ್ನು ಅಳಿಯನ ಪಿಕಪ್ಪಿಗೆ ಹಾಕಿ ದಡದ ಹೊಯಿಗೆಯಲ್ಲಿ ನಡೆಯುವುದು. ನೀರಿನಲ್ಲಿ ತಂಡೇಲರು ಮುಂದೆ, ನಾನು ಹಿಂದೆ. ಎದುರಿನ ಅಲೆಯಿಂದ ಕಣ್ಣು ತೆಗೆಯಬಾರದೆಂದು ಅವರು ಹಿಂದೆ ತಿರುಗುತ್ತಿರಲಿಲ್ಲ. ಬದಲಿಗೆ ಆಗಾಗ "ಓಯ್ ಟೀಚರೇ!" ಎಂದು ಕೂಗುವರು, ನಾನು "ಓ" ಅನ್ನಬೇಕು. ಎರಡು ದಿನ ಹಲ್ಲು ಕಚ್ಚಿಕೊಂಡು ಅಂದೆ. ಎರಡನೇ ಸಂಜೆ ಚಂದ್ರಗಿರಿ ಹೊಳೆಬದಿಯಲ್ಲಿ ತಂಗಿದಾಗ, "ಒಮ್ಮೆ ಸುಮ್ಮನಿರಬಾರದಾ ನಿಮಗೆ?" ಎಂದು ರೇಗಿಯೇಬಿಟ್ಟೆ. ಅವರು ಗಂಜಿ ಉಣ್ಣುತ್ತಾ ಹೇಳಿದರು: "ಸಿಟ್ಟು ಉಂಟಾದರೆ ದಡದಲ್ಲಿ ಬೈಯಿರಿ ಟೀಚರೇ, ಕೇಳ್ತೇನೆ. ನೀರಿನಲ್ಲಿ ಮಾತ್ರ ಓ ಹೇಳಿ."

ಮರುದಿನ ಅಳಿವೆ ದಾಟಿ ಕಡಲಿಗೆ ಹೋಗಬೇಕಿತ್ತು. ಹೊಳೆ ಸಮುದ್ರ ಸೇರುವ ಆ ಬಾಯಲ್ಲಿ ಅಲೆ ಒಡೆಯುತ್ತದೆ. ಅವರು ಅಲೆಗಳ ನಡುವೆ ಹೊಕ್ಕಿದ್ದರು, ನಾನಿನ್ನೂ ಈಚೆ, ಸಮನೀರಿನಲ್ಲಿ. ಕೂಗಿದರು. ನಾನು ಸುಮ್ಮನಿದ್ದೆ. ಮತ್ತೆ ಕೂಗಿದರು. ಕೇಳಿಸುತ್ತಿತ್ತು, ಚೆನ್ನಾಗಿಯೇ ಕೇಳಿಸುತ್ತಿತ್ತು. ಹಾಳು ಹಠ! ಆ ಸುಮ್ಮನಿರುವುದು ಬೆಲ್ಲದ ಹಾಗೆ ರುಚಿಸಿತು. ಮೂರನೇ ಕೂಗಿಗೆ ಅವರ ಗಂಟಲು ಒಡೆಯಿತು. ನಾನು ಮುಳುಗಿದೆನೆಂದು ಎಣಿಸಿ, ತಿರುಗಬಾರದ ಜಾಗದಲ್ಲಿ ಕಯಾಕ್ ತಿರುಗಿಸಿದರು. ಅಡ್ಡ ಸಿಕ್ಕಿದ್ದನ್ನು ಅಲೆ ಎತ್ತಿ ಮರಳದಿಬ್ಬಕ್ಕೆ ಬಡಿಯಿತು.

ದಡದಲ್ಲಿದ್ದ ಮೀನುಗಾರರು ತಂಡೇಲರನ್ನು ಎತ್ತಿ ತಂದರು. ಭುಜ ಮುರಿದಿತ್ತು. ನನ್ನನ್ನು ಕಂಡು, "ಅಬ್ಬ, ಇದ್ದೀರಲ್ಲ!" ಎಂದರು, ಅಷ್ಟೇ.

ಆಸ್ಪತ್ರೆಯಲ್ಲಿ ಅತ್ತುಕೊಂಡು ಹೇಳಿದೆ: "ನನಗೆ ಕೇಳಿಸಿತ್ತು."

"ಗೊತ್ತಾಯ್ತು. ನಮ್ಮಿಬ್ಬರಲ್ಲೇ ಇರಲಿ. ಅಳುವುದೆಂತಕ್ಕೆ? ಚಾ ಕುಡಿಯಿರಿ."

ಅವರ ಕೈ ಮತ್ತೆ ಹುಟ್ಟು ಹಿಡಿಯಲಿಲ್ಲ. ಯಾರು ಕೇಳಿದರೂ "ಪ್ರಾಯ ಆಯ್ತು, ಅಲೆ ನೋಡುವುದರಲ್ಲಿ ತಪ್ಪಿದೆ" ಎನ್ನುವರು. ತಂಡೇಲನೊಬ್ಬ ತನ್ನವರ ಎದುರು ಹಾಗೆ ಹೇಳಿಕೊಂಡರೆ ಅಲ್ಲಿಗೆ ಅವನ ಹೆಸರು ಹೋದ ಹಾಗೆ. ಹರೆಯದವರು ನಕ್ಕದ್ದನ್ನು ನಾನೇ ಕಂಡಿದ್ದೇನೆ.

ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅಂಗಳದ ತುಂಬ ದೋಣಿಯವರು ನಿಂತಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಅಷ್ಟು ವರ್ಷ ಕಡಲಿಗೆ ಹೋದವರು, ಕೊನೆಗೆ ಒಂದು ಅಲೆ ನೋಡಲಿಕ್ಕೆ ಗೊತ್ತಾಗಲಿಲ್ಲ ಇವರಿಗೆ, ಅಲ್ವಾ ಟೀಚರೇ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.