ಸೋಮವಾರ ಸೂಟಿ ಮಾಡುವ ಜೀಪು

ಚನಬಸಪ್ಪ ಕಾಕಾ ನನ್ನ ಜೀಪಿನ ಬಾಯಿ ತೆರೆದು ಹಲ್ಲು ನೋಡಿದ್ದನ್ನು ನಾನು ಕಣ್ಣಾರೆ ಕಂಡವಳು. ಬಾಯಿ ಎಂದರೆ ಬಾನೆಟ್. ಹಲ್ಲು ಎಂದರೆ ಯಾವುದೆಂದು ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಒಳಗೆ ಬೆರಳಾಡಿಸಿ ಏನೇನೋ ಮುಟ್ಟಿ ನೋಡಿ, ಹೆಗಲ ಮೇಲಿನ ಟಾವೆಲ್ಲಿಗೆ ಕೈ ಒರೆಸಿಕೊಂಡು, "ಬಾಯಿಗೂಡೇತ್ರಿ ಅಕ್ಕಾರ, ವಯಸ್ಸ ಮೀರೇತಿ. ಮುದಿ ಎತ್ತಿಗಿ ಬಣ್ಣಾ ಬಡದು ನಿಮಗ ಹಚ್ಯಾರ," ಅಂದರು.

ಬೇರೆ ಯಾರಾದರೂ ಹೀಗಂದಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಆದರೆ ಜೀಪನ್ನು ಫೋನಿನಲ್ಲಿ ಫೋಟೊ ನೋಡಿ, ಕೆಳಗೆ ಬಗ್ಗಿಯೂ ನೋಡದೆ ಕೊಂಡವಳು ನಾನೇ ಆದ್ದರಿಂದ ಬಾಯಿ ಮುಚ್ಚಿಕೊಂಡು ನಿಂತೆ.

ಅಣ್ಣಿಗೇರಿಯಲ್ಲಿ ಮಾರ್ಕೆಟ್ ಯಾರ್ಡಿನ ಹಿಂದೆ ಅವರದೊಂದು ತಗಡಿನ ಶೆಡ್ಡು. ಮೆಕ್ಯಾನಿಕ್ ಆಗುವ ಮೊದಲು ಅವರು ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದರು. ಎತ್ತು ಕೊಳ್ಳುವವರೆಲ್ಲ ಅವರನ್ನು ಕರೆದೊಯ್ದು ಹಲ್ಲು, ಸುಳಿ, ನಡಿಗೆ ತೋರಿಸಿದ ಮೇಲೆಯೇ ಹಗ್ಗ ಹಿಡಿಯುವುದು. ಊರೂರಿಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದಾಗ ಕಾಕಾ ಕಸುಬು ಬದಲಿಸಿದರು, ರೂಢಿ ಮಾತ್ರ ಬದಲಿಸಲಿಲ್ಲ. ಡೀಸೆಲ್ ಕುಡಿಯುವುದೂ ಅವರ ಲೆಕ್ಕದಲ್ಲಿ ದನವೇ.

ನಾನು ಆ ಭಾಗಕ್ಕೆ ಬಂದ ದನದ ಡಾಕ್ಟರು. ಸ್ಕೂಟರಿನ ಮೇಲೆ ತಿರುಗುತ್ತಿದ್ದೆ. ಜೀಪು ಕೊಳ್ಳುವ ಹಿಂದಿನ ಮಳೆಗಾಲ, ಶಲವಡಿ ದಾರಿಯ ಹೊಲವೊಂದರಲ್ಲಿ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂತು. ಅಲ್ಲಿಯದು ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಹಿಂದಕ್ಕೂ ಬಿಡುವುದಿಲ್ಲ, ಮುಂದಕ್ಕೂ ಬಿಡುವುದಿಲ್ಲ. ಸ್ಕೂಟರು ಅಲ್ಲೇ ಹೂತು, ನಾನು ನಡೆದು ಮುಟ್ಟುವ ಹೊತ್ತಿಗೆ ಎಮ್ಮೆಯೂ ಇಲ್ಲ, ಕರುವೂ ಇಲ್ಲ. ಆ ಮನೆಯ ಮುದುಕಿ ನನ್ನನ್ನು ಬೈಯಲಿಲ್ಲ. "ಬಂದ್ಯಲ್ಲ ಯವ್ವಾ, ಅಷ್ಟ ಸಾಕು," ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಂದಿನ ಮಳೆಯೊಳಗೆ ಎರೆಯಲ್ಲಿ ಓಡುವ ಗಾಡಿ ನನ್ನ ಹತ್ತಿರ ಇರಲೇಬೇಕು ಎಂದು ಹಟ ಹಿಡಿದು ಕೊಂಡದ್ದು ಈ ಜೀಪು.

ಹಲ್ಲು ನೋಡಿದ್ದಾಯಿತು. "ದೂಡ್ರಿ, ನಡಿಗಿ ನೋಡೂಣು," ಅಂದರು. ಯಾರ್ಡಿನ ನಾಲ್ಕು ಜನ ಹಮಾಲರು ಮೆಣಸಿನಕಾಯಿ ಚೀಲ ಬಿಟ್ಟು ಬಂದು ಜೀಪು ದೂಡಿದರು. ಕಾಕಾ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದರು.

"ಹಿಂದಿನ ಎಡಗಾಲ ಎಳೀತೈತಿ. ಮುಂದಿನ ಜೋಡಿಗಂತೂ ದುಡಿಯೂದ ಗೊತ್ತಿಲ್ಲ, ಮೆರವಣಿಗಿಗೆ ಬಂದಂಗ ಸುಮ್ಮನ ಬರಾಕತ್ತೈತಿ."

ನನಗೆ ನಗು ಬಂತು. ಗಾಲಿ ಬಿಚ್ಚಿದ ಮೇಲೆ ನಗು ನಿಂತಿತು. ಹಿಂದಿನ ಎಡ ಬ್ರೇಕು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾಲ್ಕೂ ಗಾಲಿ ಎಳೆಯುತ್ತವೆ ಎಂದು ಹೇಳಿ ಮಾರಿದ್ದ ಗಾಡಿಯಲ್ಲಿ ಮುಂದಿನ ಎರಡಕ್ಕೆ ಎಂಜಿನ್ನಿನ ಸಂಬಂಧವೇ ಉಳಿದಿರಲಿಲ್ಲ.

ರಿಪೇರಿ ಎರಡು ತಿಂಗಳು ನಡೆಯಿತು. ಯಾವ ಭಾಗ ಬಿಚ್ಚುವ ಮೊದಲೂ ಕಾಕಾ ಎಡಗಡೆಯ ಕನ್ನಡಿಯ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದರು. ಅದು ಜೀಪಿನ ಕಿವಿ. "ಕ್ಲಚ್ಚು ತಗೀತೇನಿ, ಅಂಜಬ್ಯಾಡ." ಎರೆಮಣ್ಣು ಸಿಕ್ಕಿಕೊಳ್ಳದಂತೆ ಗಾಲಿಯ ಮೇಲಿನ ಮಡ್‌ಗಾರ್ಡು ಕತ್ತರಿಸಿ ಅಗಲ ಮಾಡಿದರು. ಹಾರ್ನು ಸತ್ತಿದ್ದಕ್ಕೆ, ಹೊಸದು ಬರುವ ತನಕ ಇರಲಿ ಎಂದು ಕೊರಳಗಂಟೆ ಕಟ್ಟಿದರು. ಹೊಸ ಹಾರ್ನು ಬಂದ ಮೇಲೂ ಗಂಟೆ ಬಿಚ್ಚಲಿಲ್ಲ, ಕೇಳಿದರೆ, "ಇರಲಿ ಬಿಡ್ರಿ, ಚೊಲೋ ಕಾಣತೈತಿ," ಅಂದರು.

ಒಂದು ಸೋಮವಾರ ಹೋದಾಗ ಜೀಪನ್ನು ಬೇವಿನ ಗಿಡಕ್ಕೆ ಹಗ್ಗದಿಂದ ಕಟ್ಟಿ, ಮುಂದೆ ಒಂದು ಬೊಗಸೆ ಹತ್ತಿಕಾಳು ಇಟ್ಟಿದ್ದರು. ಕಾಕಾ ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುತ್ತಿದ್ದರು.

"ಕೆಲಸ?"

"ಸೋಮವಾರ್ರೀ ಇವತ್ತ. ಹೂಡಂಗಿಲ್ಲ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ದನದ ಡಾಕ್ಟರಾದ ನನಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. "ಇದು ಜೀಪು ಕಾಕಾ!" ಎಂದು ಕೂಗಿದೆ.

"ಭಾರ ಹೊರತೈತಿಲ್ಲೋ?"

"ಹೊರತದ."

"ಕೆಸರಾಗ ದುಡೀತೈತಿಲ್ಲೋ?"

"ದುಡೀತದ."

"ಮತ್ತ?"

ನಾನೂ ಕಟ್ಟೆ ಹತ್ತಿ ಪಕ್ಕದಲ್ಲಿ ಕೂತೆ. ನನಗೂ ಒಂದು ಎಲೆ ಕೊಟ್ಟರು.

ಹದಿನೈದು ವರ್ಷ ದಾಟಿದ ಗಾಡಿ, ರಸ್ತೆಗೆ ಇಳಿಯಲು ಫಿಟ್‌ನೆಸ್ ಪತ್ರ ಬೇಕು. ಗಾಡಿ ನೋಡುವ ಸಾಹೇಬರು ಯಾರ್ಡಿನ ಮೈದಾನಕ್ಕೆ ಬಂದದ್ದು, ನನ್ನ ಕರ್ಮಕ್ಕೆ, ಸೋಮವಾರ. ಮುಂದಿನ ಸಲ ಅವರು ಬರುವುದರೊಳಗೆ ಮಳೆ ಹಿಡಿಯುತ್ತಿತ್ತು. ಕಾಕಾ ಹಮಾಲರನ್ನು ಕರೆದು ಜೀಪನ್ನು ಶೆಡ್ಡಿನಿಂದ ಮೈದಾನದವರೆಗೆ ದೂಡಿಸಿದರು. ಗಂಟೆ ಬಾರಿಸುತ್ತ ಜೀಪು ಬಂತು. ಸಾಲಿನಲ್ಲಿದ್ದವರೆಲ್ಲ ದಾರಿ ಬಿಟ್ಟರು.

"ಸ್ಟಾರ್ಟ್ ಮಾಡ್ರಿ," ಎಂದರು ಸಾಹೇಬರು.

"ಇವತ್ತ ಮಾಡಂಗಿಲ್ರಿ," ಎಂದರು ಕಾಕಾ. "ಲೈಟು ನೋಡ್ರಿ, ಬ್ರೇಕು ನೋಡ್ರಿ. ದೂಡಿ ತೋರಸ್ತೇವಿ."

"ಸ್ಟಾರ್ಟ್ ಆಗದ ಗಾಡಿ ತಂದು ನನಗ ಚಾಷ್ಟಿ ಮಾಡ್ತೀರೇನು?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಾಕಾ ತಣ್ಣಗೆ ಕೇಳಿದರು: "ಸಾಹೇಬ್ರ, ನಿಮ್ಮ ಮನ್ಯಾಗ ಕಮತ ಇತ್ತೇನ್ರಿ?"

"ಇತ್ತು. ಯಾಕ?"

"ನಿಮ್ಮ ಅಪ್ಪಾರು ಸೋಮವಾರ ಎತ್ತ ಹೂಡತಿದ್ರೇನು?"

ಸಾಹೇಬರು ಒಮ್ಮೆ ಜೀಪನ್ನು ನೋಡಿದರು, ಒಮ್ಮೆ ಗಂಟೆಯನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. "ನಾಳೆ ನವಲಗುಂದದಾಗ ಇರ್ತೇನಿ. ಮೊದಲನೇ ನಂಬರ್ ನಿಮ್ಮದು. ನಸುಕಿಗೇ ಬಂದು ನಿಂದರಬ್ಯಾಡ್ರಿ, ಹತ್ತಕ್ಕ ಬರ್ರಿ," ಎಂದರು. ಮಂಗಳವಾರ ಜೀಪು ಒಂದೇ ಕೀಲಿಗೆ ಎದ್ದು ನವಲಗುಂದಕ್ಕೆ ಹೋಗಿ ಪಾಸಾಗಿ ಬಂತು.

ಆ ಮಳೆಗಾಲ ನಾನು ಎಲ್ಲಿಗೂ ತಡವಾಗಿ ಹೋಗಲಿಲ್ಲ. ಎಂಥ ಎರೆಯಲ್ಲೂ ಜೀಪು ಗಂಟೆ ಬಾರಿಸುತ್ತ ದಾಟುತ್ತಿತ್ತು. ಮೊದಲ ಸೋಮವಾರವೇ ಕಾಕಾಗೆ ಗೊತ್ತಾಗದಂತೆ ಹೊರಡೋಣ ಎಂದು ನೋಡಿದೆ. ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಮಂಗಳವಾರ ಏನೂ ಆಗದಂತೆ ಎದ್ದಿತು. ಮತ್ತೆರಡು ಸೋಮವಾರ ಅದೇ ಹಾಡು. ಕಾಕಾಗೆ ಫೋನ್ ಮಾಡಿ ಬೈದೆ. "ರೂಢಿ ಆಗೇತ್ರಿ ಅದಕ್ಕ. ಒಂದ ದಿನ ತಡಕೋರಿ," ಅಂದರು. ಓದಿದವಳು ನಾನು, ಬ್ಯಾಟರಿ, ತಂಪು, ವೈರು ಎಂದು ಏನೇನೋ ಕಾರಣ ಹುಡುಕಿದೆ. ಕಡೆಗೆ ಸೋಮವಾರ ಮಾತ್ರ ಸ್ಕೂಟರು ಹತ್ತಿ, ಹೊಲದ ಕಡೆಯ ಫೋನು ಬಾರದಿರಲಿ ಎಂದು ಕೈ ಮುಗಿಯುತ್ತಿದ್ದೆ.

ಫೋನು ಬಂತು. ಶ್ರಾವಣ ಇನ್ನೂ ಮುಗಿದಿರಲಿಲ್ಲ, ಜಡಿಮಳೆ. ಫೋನಿನಲ್ಲಿ ಕಾಕಾ.

"ಅಕ್ಕಾರ, ನಮ್ಮ ಆಕಳ ಗೌರಿ ಮುಂಜಾನಿಂದ ತಿಣಕಾಕತ್ತೈತಿ. ಕರುವಿನ ಒಂದ ಕಾಲ ಅಷ್ಟ ಹೊರಗ ಬಂದೈತಿ."

ಅವರ ಮನೆ ಶಲವಡಿ ದಾರಿಯ ಎರೆಹೊಲದ ನಡುವೆ. ನನ್ನ ಕಣ್ಣೆದುರು ಹಿಂದಿನ ವರ್ಷ ಸತ್ತ ಆ ಎಮ್ಮೆ ಬಂದು ನಿಂತಿತು. "ಕಾಕಾ, ಇವತ್ತು ಸೋಮವಾರ," ಅಂದೆ.

"ಗೊತ್ತೈತ್ರಿ," ಅಂದರು. ಆಮೇಲೆ, "ಅದರ ಎಡಗಿವ್ಯಾಗ ಹೇಳ್ರಿ, ಚನಬಸಪ್ಪ ಹೇಳ್ಯಾನಂತ. ನಾಳಿ ಸೂಟಿ ಕೊಡ್ತೇವಿ ಅಂತನೂ ಹೇಳ್ರಿ," ಅಂದರು.

ಛತ್ರಿ ಹಿಡಿದು ಆಸ್ಪತ್ರೆಯ ಅಂಗಳದಲ್ಲಿ ಕನ್ನಡಿಗೆ ಬಾಯಿ ಹಚ್ಚಿ ಹೇಳಿದೆ. ನಮ್ಮ ಕಂಪೌಂಡರು ನೋಡಿಯೂ ನೋಡದವರಂತೆ ಒಳಗೆ ಹೋದರು. ಕೀಲಿ ತಿರುವಿದೆ. ಒಂದೇ ಸಲಕ್ಕೆ ಎದ್ದಿತು.

ಗೌರಿಯ ಹೊಟ್ಟೆಯಲ್ಲಿ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಹೊರಳಿಸಿ ಎಳೆದೆ. ಹೆಣ್ಣುಗರು, ಜೀವಂತ. ಗೌರಿ ಕರು ನೆಕ್ಕುತ್ತಿದ್ದರೆ ಕಾಕಾ ಅಂಗಳಕ್ಕೆ ಓಡಿ, ಟಾವೆಲ್ಲಿನಿಂದ ಜೀಪಿನ ಲೈಟಿನ ಮೇಲಿನ ಕೆಸರು ಒರೆಸುತ್ತ, "ತಪ್ಪಾತಪಾ, ತಪ್ಪಾತು," ಎನ್ನುತ್ತಿದ್ದರು. ಅಳುತ್ತಿದ್ದರೋ ನಗುತ್ತಿದ್ದರೋ, ಎರಡೂ ಇತ್ತು. ಮರುದಿನ ಮಂಗಳವಾರ ಜೀಪಿಗೆ ರಜೆ ಕೊಟ್ಟು ನಾನು ಮೀಟಿಂಗಿಗೆ ಬಸ್ಸಿನಲ್ಲಿ ಹೋದೆ. ಕೊಟ್ಟ ಮಾತು ಕೊಟ್ಟ ಮಾತೇ.

ಮುಂದಿನ ಮಳೆಗಾಲ, ಮತ್ತೊಂದು ಸೋಮವಾರ, ಅವರ ಮಗಳು ಶಾಂತಾ ಫೋನ್ ಮಾಡಿದಳು. "ಅಪ್ಪ ಹೋದ್ರಿ ಅಕ್ಕಾರ. ಮಳಿ ಐತಿ, ಲಗೂನ ಮಣ್ಣ ಮಾಡತೇವಿ, ಬರ್ರಿ."

ಕೀಲಿ ಹಿಡಿದು ಜೀಪಿನ ಹತ್ತಿರ ಓಡಿದೆ. ಎಡಗಡೆಯ ಕನ್ನಡಿಗೆ ಬಗ್ಗಿದೆ. 'ಚನಬಸಪ್ಪ ಹೇಳ್ಯಾನ' ಎನ್ನಬೇಕು. ಅವರು ಹೇಳಿರಲಿಲ್ಲ. ಹೇಳಲು ಅವರೇ ಇರಲಿಲ್ಲ. ಅವರ ಜೀಪಿಗೆ, ಅವರ ಹೆಸರಿನಲ್ಲಿ, ಆ ದಿನ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಕೀಲಿಯನ್ನು ಕಂಪೌಂಡರ ಕೈಗೆ ಕೊಟ್ಟು ಬಸ್ಸು ಹತ್ತಿದೆ. ಕ್ರಾಸಿನಲ್ಲಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಅಳುತ್ತ, ಆ ಎರೆಯನ್ನು ಬೈಯುತ್ತ ನಡೆದೆ.

ಆ ದಾರಿಯಲ್ಲಿ ನಾನು ಎರಡನೆಯ ಸಲ ತಡವಾಗಿ ಮುಟ್ಟಿದೆ. ಮಣ್ಣು ಕೊಟ್ಟು ಮುಗಿದಿತ್ತು. ಜನ ಚದುರುತ್ತಿದ್ದರು. ಶಾಂತಾ ನನ್ನ ಮೊಣಕಾಲವರೆಗಿನ ಕೆಸರು ನೋಡಿದಳು.

"ನಡಕೋತ ಬಂದ್ರೇನ್ರಿ? ಜೀಪ ಎಲ್ಲೈತಿ?"

"ಇವತ್ತು ಸೋಮವಾರ ಶಾಂತಾ."

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹೌದಲ್ರಿ," ಅಂದಳು. "ಚೊಲೋ ಮಾಡಿದ್ರಿ. ತಂದಿದ್ರ ಅಪ್ಪ ಬೈತಿದ್ದ."