ಕಲ್ಲಿಗೆ ಹೊಂದುವ ಬಟ್ಟೆ

ಎಲ್ಲರೂ ಅವಳನ್ನು ಕುಶನ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಗಿರಾಕಿಗಳೂ ಅಂಗಡಿ ಬಾಗಿಲಲ್ಲಿ ನಿಂತು "ಕುಶನ್ ಅಕ್ಕಾ, ನಮ್ಮ ಸೋಫಾ ಯಾವಾಗ ಕೊಡ್ತೀರಿ?" ಎಂದು ಕೂಗುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅವಳ ಗಂಡ ಬಸ್ ಡಿಪೋದಲ್ಲಿ ಸೀಟು ಹೊಲಿಯುವ ಕೆಲಸದಲ್ಲಿದ್ದ. ಹರಿದ ರೆಕ್ಸಿನ್ ಕವರುಗಳನ್ನು ಮನೆಗೆ ಹೊತ್ತು ತಂದು ರಾಶಿ ಹಾಕುತ್ತಿದ್ದ. ಅವನು ಊಟಕ್ಕೆ ಎದ್ದಾಗ ಇವಳು ಸೂಜಿ ಹಿಡಿಯುತ್ತಿದ್ದಳು. ಆರು ತಿಂಗಳಲ್ಲಿ ಇವಳ ಹೊಲಿಗೆ ಅವನದಕ್ಕಿಂತ ನೆಟ್ಟಗಾಯಿತು. ಅದನ್ನು ಅವನು ಬಾಯಿಬಿಟ್ಟು ಒಪ್ಪಿಕೊಳ್ಳಲಿಲ್ಲ. ಕಷ್ಟದ ಮೂಲೆಗಳನ್ನೆಲ್ಲ ಸುಮ್ಮನೆ ಇವಳ ಕಡೆ ತಳ್ಳತೊಡಗಿದ. ಆಮೇಲೆ ಇಬ್ಬರೂ ಸೇರಿ ಸ್ವಂತ ಅಂಗಡಿ ಇಟ್ಟರು. ಮರದ ಚೌಕಟ್ಟು, ಸ್ಪ್ರಿಂಗು, ಮೊಳೆ ಅವನ ಪಾಲು. ಫೋಮು, ಬಟ್ಟೆ, ಹೊಲಿಗೆ ಇವಳದು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಅಷ್ಟು ವರ್ಷದಲ್ಲಿ ಒಬ್ಬರೂ "ನಿಮ್ಮ ಸೋಫಾ ಮೇಲೆ ಕೂರೋಕಾಗಲ್ಲ" ಎಂದು ದೂರು ಹೇಳಿದ್ದಿಲ್ಲ.

ಹಾಗಾಗಿ ಆ ಫೋನು ಬಂದಾಗ ಅವಳಿಗೆ ತಲೆಬುಡ ತಿಳಿಯಲಿಲ್ಲ.

ಫೋನು ಮಾಡಿದ್ದು ಟೀಚರ್, ಅಂದರೆ ಇತ್ತೀಚೆಗೆ ಹೊಸ ಸೋಫಾ ಮಾಡಿಸಿಕೊಂಡಿದ್ದ ಇಂಜಿನಿಯರ್‌ನ ಹೆಂಡತಿ. "ಎಲ್ಲಾ ಚೆನ್ನಾಗಿದೆ ಅಕ್ಕಾ, ಬಂದವರೆಲ್ಲ ಹೊಗಳ್ತಾರೆ. ಆದರೆ ನಮ್ಮತ್ತೆ ಅದರ ಮೇಲೆ ಕೂರ್ತಾನೇ ಇಲ್ಲ. ಊಟದ ಮೇಜಿನ ಕುರ್ಚಿ ಎಳ್ಕೊಂಡು ಕೂರ್ತಾರೆ. ಕೇಳಿದ್ರೆ, ನನಗೆ ಇದೇ ಸಾಕು ಅಂತಾರೆ. ಸ್ವಲ್ಪ ಬಂದು ನೋಡ್ತೀರಾ?"

ಆ ಮನೆ ಇಂಜಿನಿಯರ್ ತಾನೇ ನಿಂತು ಕಟ್ಟಿಸಿದ್ದು. ಹಾಲಿನ ಒಂದು ಗೋಡೆಗೆ ಒರಟು ಬೂದು ಕಲ್ಲು ಮೆತ್ತಿಸಿದ್ದ. ನೆಲಕ್ಕೆ ಅದೇ ಕಲ್ಲು, ನುಣುಪು ಮಾಡಿದ್ದು. ನಡುವೆ ಒಂದೇ ಮರದ ದಿಮ್ಮಿಯಿಂದ ಸೀಳಿ ತೆಗೆದ ಗಿಡ್ಡ ಟೀಪಾಯಿ, ಅಂಚಿನ ತೊಗಟೆ ಕೂಡ ಹಾಗೇ ಉಳಿಸಿದ್ದು. ಸೋಫಾಕ್ಕೆ ಆರ್ಡರ್ ಕೊಡಲು ಬಂದಾಗ ಅವನು ಜೇಬಿನಿಂದ ಒಂದು ಕಲ್ಲಿನ ಚೂರು ತೆಗೆದು ಅಕ್ಕನ ಅಂಗೈಯಲ್ಲಿಟ್ಟಿದ್ದ. "ಬಟ್ಟೆ ಇದಕ್ಕೆ ಹೊಂದಬೇಕು. ಸೋಫಾ ಆ ಗೋಡೆಯಿಂದಲೇ ಎದ್ದು ಬಂದ ಹಾಗಿರಬೇಕು." ಅಕ್ಕ ಆ ಚೂರು ಹಿಡಿದು ಮೂರು ಬಟ್ಟೆ ಅಂಗಡಿ ಅಲೆದಿದ್ದಳು. ನಾಲ್ಕನೆಯದರಲ್ಲಿ ಸಿಕ್ಕ ಬಟ್ಟೆಯ ಮೇಲೆ ಚೂರನ್ನು ಇಟ್ಟಾಗ ಅಂಗಡಿಯವನೇ ಹುಡುಕಾಡಿ, "ಕಲ್ಲೆಲ್ಲಿ ಹೋಯ್ತು?" ಎಂದು ಕೇಳಿದ್ದ. ಅವತ್ತು ಅವಳು ಹೆಮ್ಮೆಯಿಂದ ಬೀಗಿದ್ದಳು.

ಮೊದಲ ಸಲ ಹೋದಾಗ ಅಕ್ಕ ಫೋಮು ಗಟ್ಟಿಯಾಯಿತೇನೋ ಎಂದು ಮೆತ್ತನೆಯದು ಹಾಕಿ ಬಂದಳು. ಟೀಚರ್ ಅತ್ತೆ, ಆ ಅಜ್ಜಿ, ಕುರ್ಚಿಯಲ್ಲಿ ಕೂತೇ, "ಬಹಳ ಚೆನ್ನಾಗಿ ಮಾಡಿದೀಯ ಕಣಮ್ಮ" ಎಂದರು. ಮಾತಿನಲ್ಲಿ ಕೊಂಕು ಇರಲಿಲ್ಲ. ಒಂದು ವಾರಕ್ಕೆ ಮತ್ತೆ ಫೋನು. ಈ ಸಲ ಗಂಡನನ್ನೂ ಕರೆದುಕೊಂಡು ಹೋಗಿ, ಕಾಲುಗಳಿಗೆ ಎರಡೆರಡು ಇಂಚು ಮರ ಸೇರಿಸಿ ಎತ್ತರ ಮಾಡಿಸಿದಳು. ಅಜ್ಜಿ ಅದನ್ನೂ ಹೊಗಳಿದರು. ಕೂರಲಿಲ್ಲ.

"ನಿನ್ನ ಸೋಫಾಕ್ಕೆ ಏನೋ ದೃಷ್ಟಿ ತಾಗಿದೆ ಬಿಡು" ಎಂದು ಗಂಡ ನಕ್ಕ.

"ನಿಮಗೆ ನಗು. ನನಗೆ ತಲೇಲಿ ಹುಳ ಬಿಟ್ಟ ಹಾಗಾಗಿದೆ ಕಣ್ರೀ. ಮೆತ್ತಗೆ ಮಾಡಿದ್ರೂ ಆಗಲ್ಲ, ಎತ್ತರ ಮಾಡಿದ್ರೂ ಆಗಲ್ಲ. ಹೊಗಳ್ತಾರೆ, ಕೂರಲ್ಲ. ಇದ್ಯಾವ ಸೀಮೆ ಹೊಗಳಿಕೆ?"

"ಸೊಸೆ ಮೇಲಿನ ಸಿಟ್ಟು ಇರ್ಬೇಕು."

"ಸೊಸೆ ಮೇಲೆ ಸಿಟ್ಟಿದ್ರೆ ಸೋಫಾ ಏನು ಮಾಡ್ತು?"

ಅವನು ತಲೆ ಕೆರೆದುಕೊಂಡು ಸುತ್ತಿಗೆ ಎತ್ತಿಕೊಂಡ. ಅಕ್ಕನಿಗೆ ಮಾತ್ರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ರಿಪೇರಿಗೆ ಬಂದ ಪ್ರತಿ ಸೋಫಾದ ಮೇಲೂ ತಾನೇ ಕೂತು, ಎದ್ದು, ಮತ್ತೆ ಕೂತು ನೋಡಿದಳು. ಬಂದ ಗಿರಾಕಿಗಳನ್ನೆಲ್ಲ ಕೂರಿಸಿ "ಏನಾದ್ರೂ ಚುಚ್ಚುತ್ತಾ?" ಎಂದು ಕೇಳಿದಳು. ಯಾರಿಗೂ ಏನೂ ಚುಚ್ಚುತ್ತಿರಲಿಲ್ಲ. ಕೈ ಕೆಟ್ಟಿತೇ, ವಯಸ್ಸಾಯಿತೇ, ಇಷ್ಟು ದಿನ ಎಲ್ಲರೂ ಬಾಯಿ ಮಾತಿಗೆ ಚೆನ್ನಾಗಿದೆ ಎನ್ನುತ್ತಿದ್ದರೇ ಎಂದು ಯೋಚನೆ ಎಲ್ಲೆಲ್ಲಿಗೋ ಹೋಯಿತು.

ಕೊನೆಗೆ ಒಂದು ಬೆಳಗ್ಗೆ ಹತ್ತೂವರೆಗೆ, ಹೊಲಿಗೆ ನೋಡಿ ಹೋಗುತ್ತೇನೆ ಎಂಬ ನೆಪ ಮಾಡಿಕೊಂಡು ಯಾರಿಗೂ ಹೇಳದೆ ಹೊರಟಳು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆರೆದ ಅಜ್ಜಿ ದನಿ ಕೇಳಿಯೇ ಗುರುತು ಹಿಡಿದು, "ಬಾರಮ್ಮ, ಒಬ್ಬಳೇ ಕೂತು ಬೇಜಾರಾಗಿತ್ತು" ಎಂದು ಒಳಗೆ ಕರೆದರು. ಚಹಾ ಮಾಡಿ ತಂದು ಟೀಪಾಯಿಯ ಮೇಲೆ ಒಂದು ತೊಟ್ಟೂ ಚೆಲ್ಲದ ಹಾಗೆ ಇಟ್ಟರು. ಅಕ್ಕ ಸೋಫಾದ ಮೇಲೆ ಕೂತಳು. ಅಜ್ಜಿ ಒಂದು ಗಳಿಗೆ ನಿಂತಿದ್ದು, ಅವಳು ತೊಟ್ಟಿದ್ದ ಹಳದಿ ಬಟ್ಟೆಯನ್ನೇ ನೋಡುತ್ತ ಬಂದು, ಅವಳ ಭುಜಕ್ಕೆ ಭುಜ ತಾಗುವ ಹಾಗೆ ಪಕ್ಕದಲ್ಲೇ ಕೂತುಬಿಟ್ಟರು!

ಅಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಕೂತರಲ್ಲ! ಅದೂ ಆರಾಮವಾಗಿ, ಬೆನ್ನು ಒರಗಿಸಿ. ಹಾಗಾದರೆ ಇಷ್ಟು ದಿನ ಏನಾಗಿತ್ತು? ಸಂತೋಷಪಡಬೇಕೋ ಸಿಟ್ಟಾಗಬೇಕೋ ಗೊತ್ತಾಗದೆ ಚಹಾ ಮುಗಿಸಿ, ಎದ್ದು, ಬರುತ್ತೇನೆ ಎಂದಳು. ಅಜ್ಜಿ ಬಾಗಿಲವರೆಗೂ ಬಂದು ಕಳಿಸಿದರು. ಗೇಟಿನ ಹತ್ತಿರ ಹೋದ ಮೇಲೆ ಅಳತೆ ಟೇಪು ಮರೆತದ್ದು ನೆನಪಾಗಿ ಅಕ್ಕ ತಿರುಗಿ ಬಂದಳು. ಬಾಗಿಲು ಇನ್ನೂ ತೆರೆದೇ ಇತ್ತು.

ಅಜ್ಜಿ ಸೋಫಾದಿಂದ ಎರಡು ಹೆಜ್ಜೆ ಆಚೆ, ಗೋಡೆಯ ಹತ್ತಿರ ಬಗ್ಗಿ ನಿಂತಿದ್ದರು. ಕತ್ತಲಲ್ಲಿ ಸ್ವಿಚ್ಚು ತಡಕುವವರ ಹಾಗೆ ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಸವರುತ್ತಿದ್ದರು. ಒಂದು ಕೈ ಹೋಗಿ ಕಲ್ಲಿನ ಗೋಡೆಗೆ ಬಡಿಯಿತು. "ಥೂ" ಎಂದು ಹಿಂದೆ ಸರಿದು, ಕುರ್ಚಿಯ ಕಡೆ ತಿರುಗಿದರು.

"ಅಮ್ಮಾ," ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು, "ಸೋಫಾ ನಿಮಗೆ ಕಾಣಿಸ್ತಾ ಇಲ್ವಾ?"

ಅಜ್ಜಿ ಕುರ್ಚಿಯಲ್ಲಿ ಕುಸಿದು ಕೂತರು. "ಟೀಪಾಯಿ ಕಾಣುತ್ತೆ, ಕಪ್ಪಗಿದೆಯಲ್ಲ. ಕುರ್ಚಿ ಕಾಣುತ್ತೆ. ಇದು ಮಾತ್ರ ಗೋಡೆ ಎಲ್ಲಿ ಮುಗೀತು, ಸೋಫಾ ಎಲ್ಲಿ ಶುರುವಾಯ್ತು, ನೆಲ ಎಲ್ಲಿ, ಒಂದೂ ತಿಳಿಯಲ್ಲ. ಎಲ್ಲಾ ಮಂಜು. ತಂದ ಮೊದಲನೇ ದಿನವೇ ಕೂರೋಕೆ ಹೋಗಿ ನೆಲಕ್ಕೆ ಕೂತೆ. ಪುಣ್ಯಕ್ಕೆ ಯಾರೂ ಇರಲಿಲ್ಲ."

"ಮಗನಿಗೆ ಹೇಳಬಾರದಾ?"

"ಹೇಳಿದ್ರೆ ಆಯ್ತು ಕಥೆ. ನಾಳೆಯಿಂದ ಒಲೆ ಹತ್ತಿರ ಬಿಡಲ್ಲ, ರಸ್ತೆಗೆ ಬಿಡಲ್ಲ. ನನ್ನನ್ನ ಗಾಜಿನ ಗೊಂಬೆ ಮಾಡಿ ಮೂಲೇಲಿ ಇಟ್ಬಿಡ್ತಾರೆ. ನೀನೂ ಹೇಳಕೂಡದು. ಮಾತು ಕೊಡು."

ಅಕ್ಕ ಮಾತು ಕೊಟ್ಟಳು. ಕೊಟ್ಟು ಅಂಗಡಿಗೆ ಬಂದ ಮೇಲೆ, ಕೊಡಬಾರದಿತ್ತೇನೋ ಅನಿಸಿತು. ಕೊಡದಿದ್ದರೆ ಅಜ್ಜಿಯ ಮುಖ ನೋಡಲಾಗುತ್ತಿರಲಿಲ್ಲ ಎಂದೂ ಅನಿಸಿತು.

ಆ ಭಾನುವಾರ ಅವಳು ಇಂಜಿನಿಯರ್ ಮನೆಗೆ ಹೋಗಿ, ಬಟ್ಟೆ ಬದಲಾಯಿಸಬೇಕು, ಬಣ್ಣ ಆರಿಸಿದ್ದರಲ್ಲಿ ನನ್ನದೇ ತಪ್ಪಾಯಿತು ಎಂದಳು. ಇಂಜಿನಿಯರ್ ಕಣ್ಣರಳಿಸಿದ. "ತಪ್ಪೆಲ್ಲಿ ಬಂತು? ನಾನು ಹೇಳಿದ ಹಾಗೇ ಇದೆಯಲ್ಲ?"

ಅಕ್ಕನಿಗೆ ಉತ್ತರ ಗೊತ್ತಿತ್ತು, ಹೇಳುವಂತಿರಲಿಲ್ಲ. ಬಾಯಿಗೆ ಬಂದದ್ದು ಹೇಳತೊಡಗಿದಳು. "ಕಲ್ಲು ತಣ್ಣಗಿರುತ್ತೆ ಸಾರ್. ಮರ ಬೆಚ್ಚಗಿರುತ್ತೆ. ಬಟ್ಟೆ ಮರದ ಕಡೆ ಹೋಗ್ಬೇಕು, ಕಲ್ಲಿನ ಕಡೆ ಹೋದ್ರೆ ಮರ ಒಂಟಿಯಾಗುತ್ತೆ." ಇದೇನು ಹೇಳುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ಟೀಚರ್ ತನ್ನ ಗಂಡನ ಮುಖ ನೋಡಿದಳು. ಮಾತು ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆ ಎಂದು ಅಕ್ಕ ಚೀಲದಿಂದ ಬಟ್ಟೆಯ ತುಂಡುಗಳನ್ನು ತೆಗೆದು ಒಂದೊಂದಾಗಿ ಸೋಫಾದ ಬೆನ್ನಿಗೆ ಹೊದಿಸಿದಳು. ಹಸಿರು ಸರಿಬರಲಿಲ್ಲ. ನೀಲಿ ಕಣ್ಣಿಗೆ ರಾಚಿತು. ಇಟ್ಟಿಗೆ ಬಣ್ಣದ್ದು ಹೊದಿಸಿದಾಗ ಮೂವರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಹಿಂದಿನ ಗೋಡೆಯಲ್ಲಿ ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ಕಂದು ಎಳೆಗಳು ಕಂಡವು. ಟೀಪಾಯಿಯ ತೊಗಟೆ ಈಗತಾನೇ ಎಣ್ಣೆ ಸವರಿದಂತಾಯಿತು.

"ಇದು ಹೇಗೆ ಹೊಂದುತ್ತೆ?" ಇಂಜಿನಿಯರ್ ಗೊಂದಲದಲ್ಲಿ ಬಿದ್ದ. "ಕಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ."

"ಗೊತ್ತಿಲ್ಲ ಸಾರ್," ಎಂದಳು ಅಕ್ಕ. ಅವತ್ತು ಅವಳು ಆಡಿದ ಮಾತುಗಳಲ್ಲಿ ಅಪ್ಪಟ ನಿಜ ಅದೊಂದೇ. ಸುಳ್ಳೆಂದುಕೊಂಡು ಹೇಳಿದ್ದು ಕಣ್ಣೆದುರೇ ನಿಜವಾಗಿ ನಿಂತಿತ್ತು.

ಹತ್ತು ದಿನದಲ್ಲಿ ಹೊಸ ಕವರು ಹಾಕಿದ್ದಾಯಿತು. ಅಜ್ಜಿ ಅಡುಗೆಮನೆಯಿಂದ ನೇರವಾಗಿ ನಡೆದು ಬಂದು, ತಡಕದೆ, ಬೀಳದೆ, ರಾಣಿಯ ಹಾಗೆ ಕೂತರು. ಸೊಸೆ ಚಪ್ಪಾಳೆ ತಟ್ಟಿದಳು. ಅಕ್ಕನಿಗೆ ಮಾತ್ರ ಸಮಾಧಾನವಾಗಲಿಲ್ಲ. ಹಾಲಿನಲ್ಲಿ ನಾನೇನೋ ದಾರಿ ಮಾಡಿಕೊಟ್ಟೆ, ಹೊರಗೆ? ಮಾರನೆಯ ದಿನ ಮತ್ತೆ ಹೋದಳು.

"ಅಮ್ಮಾ, ಸೋಫಾಕ್ಕಾದ್ರೆ ಬೇರೆ ಬಣ್ಣ ಹಾಕಿದೆ. ರಸ್ತೇಲಿ ಬರೋ ಬಸ್ಸಿಗೆಲ್ಲ ಹಾಕೋಕಾಗುತ್ತಾ? ನೀವೇ ಮಗನಿಗೆ ಹೇಳಿ."

"ಮಾತು ಕೊಟ್ಟಿದ್ದೆ ನೀನು."

"ಅದಕ್ಕೇ ನಿಮ್ಮ ಹತ್ತಿರ ಹೇಳ್ತಿರೋದು."

ಅಜ್ಜಿ ಮುಖ ತಿರುಗಿಸಿದರು. ಚಹಾ ಬರಲಿಲ್ಲ. ಅಕ್ಕ ಬಂದ ದಾರಿಗೆ ಸುಂಕವಿಲ್ಲದೆ ವಾಪಸಾದಳು. ಮೂರು ವಾರ ಆ ಮನೆಯಿಂದ ಸುದ್ದಿಯೇ ಇಲ್ಲ. ಒಂದು ಸಲ ಫೋನು ಎತ್ತಿ ಟೀಚರ್ ನಂಬರು ಅರ್ಧ ಒತ್ತಿ, ಇಟ್ಟುಬಿಟ್ಟಳು. ಹೇಳಿದರೆ ಮಾತಿಗೆ ತಪ್ಪಿದ ಹಾಗೆ. ಹೇಳದೆ ಏನಾದರೂ ಆಗಿಬಿಟ್ಟರೆ? "ನೀವೇನಂತೀರಿ?" ಎಂದು, ಯಾರ ಮನೆಯ ವಿಷಯವೆಂದು ಹೇಳದೆ, ಗಂಡನನ್ನು ಕೇಳಿದರೆ, "ನನಗೂ ತೋಚ್ತಿಲ್ಲ ಕಣೇ" ಎಂದು ಅವನೂ ಕೈಚೆಲ್ಲಿದ.

ನಾಲ್ಕನೆಯ ವಾರ ಟೀಚರ್ ತಾನೇ ಫೋನು ಮಾಡಿದಳು. ಅತ್ತೆ ಒಂದು ದಿನ ಊಟಕ್ಕೆ ಕೂತಾಗ, ಏನೋ ಮಾಮೂಲಿ ವಿಷಯದ ಹಾಗೆ, "ನನಗೆ ಕಣ್ಣು ಸರಿಯಾಗಿ ಕಾಣಲ್ಲ, ಡಾಕ್ಟರ ಹತ್ತಿರ ಕರ್ಕೊಂಡು ಹೋಗು" ಎಂದು ಮಗನಿಗೆ ಹೇಳಿದರಂತೆ. ಪೊರೆ ಬಂದಿತ್ತು. ಒಂದು ಕಣ್ಣಿನ ಆಪರೇಷನ್ ಆಗಿದೆ, ನಿಮ್ಮನ್ನು ನೋಡಬೇಕು ಅಂತಾರೆ, ಬನ್ನಿ ಎಂದಳು.

ಅಕ್ಕ ಅಳುಕುತ್ತಲೇ ಹೋದಳು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದ ಅಜ್ಜಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಇಷ್ಟು ಕುಳ್ಳೀನಾ? ದನಿ ಕೇಳಿ ಆಳೆತ್ತರ ಇರ್ಬೇಕು ಅಂದ್ಕೊಂಡಿದ್ದೆ."

ಅಕ್ಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಜ್ಜಿ ಸೋಫಾದ ಕೈಯನ್ನು ಸವರುತ್ತ ಮುಂದುವರಿಸಿದರು: "ಇದೇನೇ ಇದು, ಇಷ್ಟು ಕೆಂಪು! ಬೆಳಗ್ಗೆ ಎದ್ದು ನೋಡಿ ಗಾಬರಿಯಾಯ್ತು. ಮುಂಚೆ ನನ್ನ ಕಣ್ಣಿಗೆ ಇದು ಒಣಗಿದ ಎಲೆ ಥರ ಕಾಣ್ತಿತ್ತು."

"ಬೇರೆ ಬಣ್ಣ ಹಾಕ್ಬೇಕಾ ಅಮ್ಮಾ?"

"ಬೇಡ, ಸುಮ್ನಿರು. ರೂಢಿಯಾಗುತ್ತೆ." ಅಜ್ಜಿ ಬಗ್ಗಿ, ಮೂಲೆಯ ಹೊಲಿಗೆಯ ಮೇಲೆ ಬೆರಳಿಟ್ಟು, ಆಪರೇಷನ್ ಆದ ಕಣ್ಣನ್ನು ಅದರ ಹತ್ತಿರ ಒಯ್ದರು. "ಇಲ್ನೋಡು, ಇಲ್ಲಿ ಹೊಲಿಗೆ ಸೊಟ್ಟಗಿದೆ."

ಅಕ್ಕ ಮಂಡಿಯೂರಿ ನೋಡಿದಳು. ಹೌದು, ಒಂದು ಎಳೆಯಷ್ಟು ಸೊಟ್ಟಗಿತ್ತು. ಚೀಲದಿಂದ ಸೂಜಿ ತೆಗೆದು, ದಾರ ಪೋಣಿಸಿಕೊಂಡು, "ಸ್ವಲ್ಪ ಆ ಕಡೆ ಸರೀರಿ ಅಮ್ಮಾ" ಎಂದಳು.