ಕಲ್ಲಿನ ಮೇಲಿನ ಕೊನೆಯ ಅಕ್ಷರ

ಅವರ ಬಲಗೈ ತೋರುಬೆರಳು ಸದಾ ಬೆಳ್ಳಗಿರುತ್ತಿತ್ತು. ಸವೆದ ಶಾಸನಗಳಿಗೆ ಸೀಮೆಸುಣ್ಣದ ಪುಡಿ ತಿಕ್ಕಿ, ಕಣ್ಣಿಗಿಂತ ಮೊದಲು ಬೆರಳಿನಿಂದ ಓದುವುದು ಅವರ ರೂಢಿ. ಎಳವೆಯಲ್ಲಿ ಮದರಸಾದಲ್ಲಿ ಅರಬ್ಬಿ, ಫಾರ್ಸಿ ಕಲಿತು, ಮುಂದೆ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನೆ ಮಾಡಿ ಜಮಖಂಡಿಯಲ್ಲಿ ಪಾಠ ಹೇಳುತ್ತಿದ್ದರು. ಕಾಲೇಜಿನವರಿಗೆ ಅವರು ಮೌಲ್ವಿ ಸರ್, ಮಸೀದಿ ಓಣಿಯವರಿಗೆ ಪ್ರೊಫೆಸರ್ ಸಾಹೇಬರು. ಎರಡಕ್ಕೂ ಓಗೊಡುತ್ತಿದ್ದರು.

ರಬಕವಿಯ ನೇಕಾರರ ಮನೆಯವಳಾದ ನನಗೆ ಫಾರ್ಸಿಯ ಗಂಧವೂ ಇರಲಿಲ್ಲ. ಹಿನ್ನೀರು ನುಂಗಿದ ಹಳೆಯ ಬಾವಿಗಳ ಬಗ್ಗೆ ನಾನು ಬರೆದ ಸಂಶೋಧನಾ ಪ್ರಬಂಧಕ್ಕೆ, ಅನಗವಾಡಿ ಹತ್ತಿರದ ಬಾವಿಯ ಫಾರ್ಸಿ ಶಾಸನವನ್ನು ಅವರೇ ಓದಿಕೊಟ್ಟಿದ್ದರು. ಅದನ್ನು ನಂಬಿ, ಒಬ್ಬ ಸರದಾರ ಕಟ್ಟಿಸಿದ ಬಾವಿಯೆಂದು ಒಂದು ಅಧ್ಯಾಯವನ್ನೇ ಬರೆದು ಒಪ್ಪಿಸಿದ್ದೆ. ಮೌಖಿಕ ಪರೀಕ್ಷೆಗೆ ತಿಂಗಳಿರುವಾಗ ಅವರು ನಮ್ಮ ಮನೆಗೆ ಬಂದರು.

"ತಂಗೀ, ಆ ಶಾಸನದ ಕಾಗದದ ಅಚ್ಚು ಮತ್ತ ಹೊರಗ ತಗದು ನೋಡಿದೆ. ಕೊನೀ ಅಕ್ಷರ ತಪ್ಪು ಓದೀನಿ ಅನಸ್ತೈತಿ. 'ಬಾನಿ' ಅಂದ್ರ ಕಟ್ಟಿಸಿದವ. 'ಬಾನೂ' ಇದ್ರ ಹೆಣ್ಣಮಗಳು."

"ಪ್ರಬಂಧ ಕೊಟ್ಟಾಗೇತಲ್ರೀ ಸರ್. ಯಾರಿಗೆ ಗೊತ್ತಾಗ್ತೈತ್ರೀ?"

"ನಮಗಿಬ್ಬರಿಗೂ ಗೊತ್ತಾತಲ್ಲ."

ಬೇಸಿಗೆಯಾದ್ದರಿಂದ ನೀರು ಹಿಂದೆ ಸರಿದಿತ್ತು. ಇಬ್ಬರೂ ಹೋದೆವು. ಅವರು ಚಪ್ಪಲಿ ಬಿಟ್ಟು ಬಾವಿಯ ಮೆಟ್ಟಿಲ ಕೆಸರಿನಲ್ಲೇ ಕೂತರು. ಕಲ್ಲು ತೊಳೆದು, ಒರೆಸಿ, ಒಣಗುವ ತನಕ ಕಾದು ಸುಣ್ಣ ತಿಕ್ಕಿದರು. ಬೆರಳು ಬಲದಿಂದ ಎಡಕ್ಕೆ ಸರಿದು ನಿಂತಿತು.

"ಬಾನೂ! ಪಾಪ, ಹೆಣ್ಣಮಗಳನ್ನ ನಾ ಸರದಾರ ಮಾಡಿ ಕುಂತಿದ್ದೆ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರು ಕಲ್ಲಿಗೆ ಕಾಗದ ಒತ್ತಿ ಹೊಸ ಅಚ್ಚು ತೆಗೆದುಕೊಂಡರು.

ಪರೀಕ್ಷೆಯ ದಿನ ನಾನು ಬಾಯಿ ತೆರೆಯುವ ಮೊದಲೇ ಅವರು ಸಭೆಯಲ್ಲಿ ಎದ್ದು ನಿಂತರು. "ಈ ಓದಿನ ತಪ್ಪು ನಂದ್ರೀ, ಹುಡುಗೀದಲ್ಲ," ಎಂದು ಹೊಸ ಅಚ್ಚನ್ನು ಮುಂದಿಟ್ಟರು. ಪರೀಕ್ಷಕರು ಬಹಳ ಹೊತ್ತು ನೋಡಿದರು. "ಹೆಣ್ಣುಮಗಳು ಕಟ್ಟಿಸಿದ ಬಾವಿ! ಇದು ಮೊದಲಿನದಕ್ಕಿಂತ ಛಲೋ ಆತಲ್ಲಮ್ಮ. ಆ ಅಧ್ಯಾಯ ತಿದ್ದಿಕೊಡು, ಸಾಕು." ತಿಂಗಳಾದ ಮೇಲೆ ಅಂದೇ ಹೊಟ್ಟೆತುಂಬ ಉಂಡೆ.

"ಅಷ್ಟು ಮಂದಿ ಮುಂದ ನಾಚಿಕಿ ಆಗಲಿಲ್ಲೇನ್ರೀ ಸರ್?" ಎಂದು ಕೇಳಿದ್ದೆ.

"ಮದರಸಾದಾಗ ತಪ್ಪು ಓದಿದವ ಅಲ್ಲೇ ಎದ್ದು ತಿದ್ದಬೇಕಿತ್ತು. ಯುನಿವರ್ಸಿಟಿಯೊಳಗೂ ಪದ್ಧತಿ ಅದೇ ಐತಿ. ಕುರ್ಚಿ ಅಷ್ಟ ಬ್ಯಾರೆ."

ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ಹಿಂದಿನ ದಿನ ಹೇಳಿದ್ದ ಒಂದು ಇಸವಿ ತಪ್ಪಾಗಿತ್ತು. ಮಕ್ಕಳ ಮುಂದೆ ಮೊದಲು ಅದನ್ನು ತಿದ್ದಿದೆ. ಆಮೇಲೆ ಜಮಖಂಡಿಯ ಬಸ್ಸು ಹತ್ತಿದೆ.